ಬೋರ್ಡಿನ ಮುಂದ ನಿಂತಾಕಿ

…ನಗು, ನಗು. ನಿನ್ನ ಹಳೇ ಖಾಕಿ ಅಂಗಿ ನಾ ಕಲಸೂ ಕ್ಲಾಸಿನ ಗೊಂಬಿಗೆ ಹಾಕೀನಿ ಅಂದಿದ್ದಕ್ಕೇ ಇಷ್ಟು ನಗಾಕತ್ತೀಯಲ್ಲ ಅಪ್ಪಾ, ಆ ಗೊಂಬಿಗೆ ಹುಡುಗೂರು ಏನು ಹೆಸರಿಟ್ಟಾರ ಅಂತ ಗೊತ್ತಾದ್ರ ಕುರ್ಚಿಯಿಂದ ಕೆಳಗ ಬೀಳ್ತಿ. ನಾಗಣ್ಣ ಕಾಕಾ. ಹೌದು, ನಿನ್ನ ಹೆಸರೇ. ಕಿಸೆದ ಮ್ಯಾಲ ನಿನ್ನ ಹೆಸರಿನ ಪಟ್ಟಿ ಹಂಗೇ ಉಳದಿತ್ತು, ನಾ ಬಿಚ್ಚಾಕ ಮರ್ತಿದ್ದೆ. ಕ್ಲಾಸಿನ ಹುಡುಗೂರು ಮೊದಲು ಓದಿದ್ದೇ ಅದನ್ನ. ಈಗ ಕಮಲಾಪುರದಾಗ ನೀ ದೊಡ್ಡ ಮನಷ್ಯಾ ಆಗೀದಿ. ಲೈನ್‌ಮನ್ ಅಂತ ಜನ್ಮ ಪೂರ್ತಿ ಕಂಬ ಏರಿದ್ರೂ ಸಿಗದಿದ್ದ ಹೆಸರು, ನೆಲದ ಮ್ಯಾಲ ಅಡ್ಡ ಬಿದ್ದು ಸಿಕ್ಕದ ನೋಡು.

ಜರಾ ಮೆಲ್ಲಗ ನಗು. ಅವ್ವ ಒಳಗ ರೊಟ್ಟಿ ಬಡಿಯಾಕತ್ತಾಳ. ಏನದು ಅಂತ ಕೇಳ್ಕೋತ ಹೊರಗ ಬಂದ್ಲಂದ್ರ ನಾ ಹೇಳಬೇಕಂದಿದ್ದು ಅಲ್ಲೇ ಉಳೀತದ. ನಿನ್ನ ಹತ್ರ ನಂದೊಂದು ಕೆಲಸ ಅದ. ಇಲ್ಲ ಇಲ್ಲ, ಮಿಕ್ಸರ್ ರಿಪೇರಿ ಅಲ್ಲ. ರೋಜಾ ಓಣಿಗೆ ಹೋಗಿ ಬರಬೇಕು, ನಿನ್ನ ಗೆಣೆಯಾನ ಮನಿಗೆ. ಮಜರ್ ಕಾಕಾನ ಮನಿಗೆ. ಅತ್ತರ್ ಅಂಗಡಿ ಮಜರ್ ಕಾಕಾ, ಮತ್ಯಾರು? ದರ್ಗಾದ ಉರುಸಿನ ಲೈಟಿನ ಕೆಲಸಕ್ಕ ಹೋದಾಗೆಲ್ಲ ಆತನ ಅಂಗಡ್ಯಾಗ ಕುಂತು ಚಾ ಕುಡದು, ಮನಿಗೆ ಬರೂದ್ರಾಗ ಘಮ ಘಮ ಅಂತಿದ್ದಿ. ಅವ್ವ ಅನುಮಾನ ಪಡ್ತಿದ್ಲು, ನೆನಪದಯಿಲ್ಲ?

ಆತನ ಮಗಳು ಆಸ್ಫಿಯಾ ನನ್ನ ಕ್ಲಾಸಿನಾಗೇ ಇದ್ದಾಳ. ಸೋಲಾರ್ ಕೋರ್ಸು. ದಿನಾ ಮುಂಜಾನಿ ನನ್ನ ಬಾಜೂಕೇ ಕುಂತು ಕಮಲಾಪುರ ಬಸ್ಸಿಗೆ ಬರ್ತಿದ್ಲು. ಈಗ ಬರಾಕತ್ತಿಲ್ಲ. ಮಜರ್ ಕಾಕಾ ಬಿಡಿಸ್ಯಾನ. ಕರೆಂಟಿನ ಕೆಲಸ ಹೆಣ್ಮಕ್ಕಳಿಗೆ ಬ್ಯಾಡ, ಬೇಕಾದ್ರ ಅಬ್ರಾರ್‌ನ ಕಳಸ್ತೀನಿ ಅಂದಾನಂತ. ಅಬ್ರಾರ್ ಅಂದ್ರ ಆಕಿ ತಮ್ಮ. ಆ ಹುಡುಗಗ ಮೊಬೈಲ್ ಚಾರ್ಜಿಗೆ ಹಚ್ಚೂದು ಬಿಟ್ರ ಕರೆಂಟಿನ ಗುರ್ತೇ ಇಲ್ಲ.

ಯಾಕ ಬಿಡಿಸಿದಾ ಅಂತೀಯಾ? ಅದನ್ನೇ ಹೇಳಾಕತ್ತೀನಿ. ಒಂದು ಬಾಳಿಹಣ್ಣು ತಗೋ. ಕಮಲಾಪುರದ ಕೆಂಪು ಬಾಳಿಹಣ್ಣು, ನಿನಗಂತೇ ತಂದೀನಿ. ಲಂಚ ಅಂದ್ರ ಲಂಚ ಅನ್ನು, ಆದ್ರ ತಿನ್ನು.

ನೀ ಯಾವಾಗಲೂ ಚ್ಯಾಷ್ಟಿ ಮಾಡ್ತೀಯಲ್ಲ, ನಮ್ಮ ಸೋಲಾರ್ ಬೋರ್ಡಿಗೆ, ಸಣ್ಣ ಹುಡುಗರ ಆಟಿಗಿ ಅಂತ. ಕಲಬುರಗಿ ಬಿಸಿಲಿನಾಗ ಹುಟ್ಟಿ ಮನ್ಯಾಗ ಬಲ್ಬಿನ ಸೂರ್ಯನ್ನ ಹಚ್ಚಿ ಕುಂತೀರಿ ಅಂತ. ಏನು ಮಾಡೂದಪ್ಪಾ, ಹೊರಗಿನ ಸೂರ್ಯ ನಾವು ಹೇಳಿದಂಗ ಕೇಳಂಗಿಲ್ಲ. ಮೋಡ ಬಂದ್ರ ಏನಾಗ್ತದ, ಸಂಜಿಗೆ ಏನಾಗ್ತದ ಅಂತ ಪಾಠ ಮಾಡಬೇಕಂದ್ರ ಬಲ್ಬಿನ ಸೂರ್ಯನ್ನೇ ಕಮ್ಮಿ ಜಾಸ್ತಿ ಮಾಡಬೇಕು. ಕಬ್ಬಿಣದ ಸ್ಟ್ಯಾಂಡಿನ ಮ್ಯಾಲ ಪ್ಯಾನೆಲ್, ಎದುರಿಗೆ ದೊಡ್ಡ ದೊಡ್ಡ ಬಲ್ಬು, ಕೆಳಗ ಬ್ಯಾಟ್ರಿ, ಇನ್ವರ್ಟರ್. ಬೋರ್ಡಿನ ಹಿಂದ ಸಣ್ಣ ಸಣ್ಣ ಸ್ವಿಚ್ ಅಡಗಿಸಿಟ್ಟೀವಿ. ನಾ ಗುಪ್ತವಾಗಿ ಒಂದು ಒತ್ತಿದ್ನೆಂದ್ರ ಎಲ್ಲೋ ಒಂದು ತಂತಿ ಕಡದಂಗ ಆಗ್ತದ. ಮೀಟರ್ ಹಿಡದು ಹುಡುಗೂರು ಹುಡುಕಬೇಕು. ನೀ ಕಂಬದ ಮ್ಯಾಲ ಮಳ್ಯಾಗ ತೋಯ್ಸಿಕೊಂಡು ಕಲ್ತಿದ್ದನ್ನ ನಾವು ಫ್ಯಾನಿನ ಗಾಳ್ಯಾಗ ಕಲಸ್ತೀವಿ. ಹೊಟ್ಟಿಕಿಚ್ಚು ಬಿಡು.

ಆಸ್ಫಿಯಾ ಆ ತಪ್ಪು ಹುಡುಕೂದ್ರಾಗ ಭಾಳ ಹುಷಾರಲ್ಲ, ಖರೇ ಹೇಳ್ತೀನಿ. ಮೀಟರ್ ಉಲ್ಟಾ ಹಿಡೀತಾಳ. ಮಾತು ಜಾಸ್ತಿ. ಗೊಂಬಿ ಆಟದಾಗಂತೂ ಆಕಿ ಸತ್ತಷ್ಟು ಯಾರೂ ಸತ್ತಿಲ್ಲ.

ಆಟ ಅಂದ್ರ, ನೋಡು, ಗೊಂಬಿ ಕೈ ತಂತಿಗೆ ಅಂಟಿರ್ತದ. ಶಾಕ್ ಹೊಡದದ ಅಂತ ತಿಳ್ಕೋಬೇಕು. ನಾ ಚೀರತೀನಿ. ಹುಡುಗೂರು ಬಂದು ಬಿಡಿಸಬೇಕು. ಶುರುವಿಗೆ ಎಲ್ಲಾರೂ ಓಡಿ ಬಂದು ಗೊಂಬಿನ ಹಿಡದು ಎಳೆಯಾವ್ರೇ. ಮುಟ್ಟಿದವರಿಗೆಲ್ಲ ನಾ, ನೀನೂ ಸತ್ತಿ, ಹೋಗಿ ಮೂಲ್ಯಾಗ ಕೂಡು ಅಂತಿದ್ದೆ. ಮೂಲಿ ತುಂಬ ಸತ್ತವ್ರು. ಮುಟ್ಟಬ್ಯಾಡ, ಮೊದಲು ಮೇನ್ ಸ್ವಿಚ್ಚಿಗೆ ಓಡು ಅಂತ ದಿನಾ ಹೇಳಿದ್ರೂ ಆಸ್ಫಿಯಾ ದಿನಾ ಸಾಯ್ತಿದ್ಲು. ನಾಗಣ್ಣ ಕಾಕಾನ ಮಾರಿ ನೋಡಿದ್ರ ಕರುಳು ಚುರ್ ಅಂತದ ಮೇಡಂ, ಸ್ವಿಚ್ ನೆನಪಾಗಂಗಿಲ್ಲ ಅಂತಿದ್ಲು. ಮಾರಿ ಎಲ್ಲದ ಅದಕ್ಕ? ಬಿಳಿ ಬಟ್ಟಿ ಮ್ಯಾಲ ಸ್ಕೆಚ್ ಪೆನ್ನಿಲೆ ಮೀಸಿ ತೆಗದೀನಿ, ಅಷ್ಟೇ. ನಿನ್ನ ಮೀಸಿನೇ.

ಆಕಿನ್ನ ಬಿಡಿಸಿದ ವಾರ ಏನಾತಂದ್ರ… ರಾಜೇಶ್ರೀ ಗೊತ್ತಲ್ಲ, ನನ್ನ ಜೋಡಿ ಕಲಸಾಕಿ, ಕಮಲಾಪುರದಾಕಿ. ಹಾಂ, ಆಕಿನೇ. ಆಕಿ ಕ್ಲಾಸ್ ತಗೊಂಡಿದ್ಲು. ಬೋರ್ಡಿನ ಮುಂದ ನಿಂತಿದ್ಲು. ಬಲ್ಬಿನ ಕಾವಿಗೆ ತಂತಿ ಮ್ಯಾಲಿನ ರಬ್ಬರ್ ಕರಗಿ ಸ್ಟ್ಯಾಂಡಿಗೆ ತಾಗಿತ್ತು, ಯಾರಿಗೂ ಕಾಣೂ ಜಾಗದಾಗ ಅಲ್ಲ. ಪ್ಯಾನೆಲ್ ಜರಾ ಬಗ್ಗಿಸೂಣು ಅಂತ ಸ್ಟ್ಯಾಂಡಿಗೆ ಕೈ ಹಚ್ಚಿದ್ಲು.

ಕರೆಂಟ್ ನೆಲಕ್ಕ ಇಳಿಸೂ ಅರ್ಥಿಂಗ್ ತಂತಿ ಇತ್ತಪ್ಪಾ. ಇತ್ತು. ನಾವೇ ಮಾಡಿದ್ದು. ಹಿಂದಿನ ವಾರ ನೀರಿನ ಪೈಪಿಗೆ ನೆಲ ಅಗದಾರ, ತಂತಿ ಕಡದದ, ಮತ್ತ ಮಣ್ಣು ಮುಚ್ಚಿ ಹೋಗ್ಯಾರ. ಯಾರಿಗೂ ಹೇಳಿಲ್ಲ. ಶಾಕ್ ಆದ್ರ ತಾನೇ ಟ್ರಿಪ್ ಆಗಿ ಕರೆಂಟ್ ತೆಗಿಯೂ ಸ್ವಿಚ್ಚೂ ಇತ್ತು. ಮಳಿ ಬಂದಾಗೆಲ್ಲ ಬಿದ್ದು ತ್ರಾಸ ಕೊಡ್ತದ ಅಂತ ಯಾರೋ ಮಹಾನುಭಾವ ಅದನ್ನ ಬಿಟ್ಟು ಬಾಜೂಲೇ ತಂತಿ ಜೋಡಿಸಿದ್ದ. ಬಯ್ಯಬ್ಯಾಡ, ಈಗ ಎಲ್ಲಾ ಸರಿ ಮಾಡಿಸೇವಿ. ಅವತ್ತು ಮಾತ್ರ ಯಾವುದೂ ಇರಲಿಲ್ಲ.

ಹುಡುಗೂರು ಏನು ಮಾಡಿದ್ರು ಅಂತೀಯಾ? ನಕ್ಕರು. ನಗದೇ ಏನು ಮಾಡ್ತಾರ, ದಿನಾ ಮುಂಜಾನಿ ಇದೇ ನಾಟಕ ನೋಡಿದವ್ರು. ಮೇಡಂ ಇವತ್ತ ತಾನೇ ಗೊಂಬಿ ಆಗ್ಯಾಳ, ಏನು ಮಸ್ತ್ ಮಾಡ್ತಾಳ ಅಂತ ತಿಳಕೊಂಡ್ರು. ಹಿಂದಿನ ಬೆಂಚಿನಾವ ಚಪ್ಪಾಳಿನೂ ಹೊಡದ.

ಆಸ್ಫಿಯಾ ನಗಲಿಲ್ಲ. ದಿನಾ ಸಾಯೂ ಪೋರಿ. ಮಾರಿ ನೋಡಿದಳಂತ, ಎದ್ದಳಂತ, ಮೇಡಂ ಕಡೆ ಒಂದು ಹೆಜ್ಜಿನೂ ಇಡಲಿಲ್ಲಂತ. ಸೀದಾ ಬಾಗಿಲ ಬಾಜೂಕಿನ ಮೇನ್ ಸ್ವಿಚ್ಚಿಗೆ ಹೋದ್ಲು. ಎಳದ್ಲು. ಬಲ್ಬಿನ ಸೂರ್ಯ ಆರಿತು, ಮೇಡಂ ಕೆಳಗ ಬಿದ್ಲು. ಆಮ್ಯಾಲ ಆಸ್ಫಿಯಾ ಬಂದು ತಲಿ ತೊಡಿ ಮ್ಯಾಲ ಇಟ್ಕೊಂಡು ಕುಂತ್ಲು. ಆ ಪೋರಿ ಸುಮ್ಮಕ ಕುಂತಿದ್ದು ಅದೇ ಮೊದಲನೇ ಸಲ.

ಮಜರ್ ಕಾಕಾಗ ಇಷ್ಟೂ ಗೊತ್ತಿಲ್ಲ. ಕ್ಲಾಸಿನಾಗ ಶಾಕ್ ಆತು, ನಿನ್ನ ಮಗಳು ಅಲ್ಲೇ ಇದ್ಲು ಅಂತ ಯಾರೋ ಹೇಳ್ಯಾರ. ಆತ ಅಂಜಿ ಬಿಡಿಸ್ಯಾನ. ಆಸ್ಫಿಯಾನೂ ಮನ್ಯಾಗ ಬಾಯಿ ಬಿಟ್ಟಿಲ್ಲ. ಅದಕ್ಕೇ, ನೀ ಹೋಗಿ ಆತನ ಮುಂದ ಕುಂತು, ನಿನ್ನ ಮಗಳು ಒಂದು ಜೀವ ಉಳಿಸ್ಯಾಳ ಅಂತ ಹೇಳಿದ್ರ… ನಿನ್ನ ಮಾತು ಆತ ತೆಗದು ಹಾಕಂಗಿಲ್ಲ.

ರಾಜೇಶ್ರೀನೇ ಹೋಗಿ ಹೇಳಲಿ ಅಂತೀಯಾ? ಜೀವ ಉಳದಾಕಿ ತಾನೇ ಹೋಗಿ ಹೇಳಿದ್ರ ಅದರ ತೂಕೇ ಬ್ಯಾರೆ. ಹೌದು, ಅದು ಖರೆ. ಆದ್ರ ಆಕಿಗೆ ನಾಚಿಕಿ. ಮಂದಿ ಮನಿಗೆ ಹೋಗಿ ಮಾತಾಡೂದು ಆಕಿಗೆ ಬರಂಗಿಲ್ಲ.

ಕ್ಲಾಸ್ ತಗೋತಾಳಪ್ಪಾ, ಹುಡುಗೂರ ಮುಂದ ಮಾತಾಡೂದು ಬ್ಯಾರೆ, ಇದು ಬ್ಯಾರೆ. ಸುಮ್ಮ ಕೇಳಬ್ಯಾಡ ಏನೇನೋ.

ಈಗ ಆರಾಮ್ ಇದ್ದಾಳ. ದವಾಖಾನ್ಯಾಗ ಒಂದು ರಾತ್ರಿ ಇಟ್ಕೊಂಡ್ರು, ಎದಿದು ಇಸಿಜಿ ತೆಗದ್ರು, ಎಲ್ಲಾ ಸರಿ ಅದ ಅಂದ್ರು. ನಾನೂ ಜೋಡೀಲೇ ಇದ್ದೆ. ಅವತ್ತು ಫೋನ್ ಮಾಡಿದ್ದೆನಲ್ಲ, ರಾಜೇಶ್ರೀ ಜೋಡಿ ಉಳೀತೀನಿ ಅಂತ. ಅದೇ ದಿನ.

ತಾನೇ ಕೈ ಬಿಡಬೇಕಿತ್ತು? ನೀನೂ ಹಿಂಗ ಕೇಳ್ತೀಯಲ್ಲ, ಅಷ್ಟು ವರ್ಷ ಲೈನಿನ ಮ್ಯಾಲ ಇದ್ದಾವ. ಎಲ್ಲಿ ಬಿಡೂದು? ಕೈ ನಮ್ಮ ಮಾತು ಕೇಳಿದ್ರಲ್ಲ ಬಿಡೂದು. ಬೆರಳು ಬಿಚ್ಚಬೇಕು ಅಂತ ಅಂದ್ಕೊಂಡಷ್ಟೂ ಅವು ಮತ್ತ ಬಿಗೀತಾವ. ಹಲ್ಲು ಹಲ್ಲಿಗೆ ಕಚ್ಚತಾವ. ಬಾಯ್ತುಂಬ ತುಕ್ಕಿನ ರುಚಿ. ಹುಡುಗೂರು ನಗೂದು ಎಲ್ಲಾ ಕೇಳಸ್ತದ, ಸ್ವಚ್ಛ ಕೇಳಸ್ತದ, ಯಾರು ನಗಾಕತ್ತಾರ ಅಂತನೂ ತಿಳೀತದ… ಏ, ನಗಬ್ಯಾಡ್ರೋ ಅನ್ನಬೇಕು, ಬಾಯಿ ಬರಂಗಿಲ್ಲ. ಮಂದಿ ಹೇಳ್ತಾರಲ್ಲ, ಆಗ ದೇವರು ನೆನಪಾಗ್ತಾನ ಅಂತ, ಸುಳ್ಳು. ಯಾವ ದೇವರೂ ನೆನಪಾಗಲಿಲ್ಲ. ಒಂದೇ ಅನಸ್ತು, ಇನ್ನ ಅಪ್ಪ ಬೈತಾನ, ಟೆಸ್ಟರ್ ಹಚ್ಚಿ ನೋಡದೇ ಕೈ ಇಟ್ಟಿ ಅಂತ ಅಪ್ಪ ಬೈ…

ಅಂದ್ರ… ರಾಜೇಶ್ರೀ ಹೇಳಿದ್ಲು, ಹಿಂಗ ಅನಸ್ತು ಅಂತ. ಆಕಿಗೂ ಅಪ್ಪ ಇರ್ತಾನಲ್ಲ.

ಏನಾತು? ಹಣ್ಣು ಯಾಕ ಕೆಳಗಿಟ್ಟಿ?

ಈಗರ ನಗ್ತಿದ್ದಿಯಲ್ಲ. ಬೈದ್ರೂ ನಡೀತದ, ಏನಾರ ಅನ್ನು. ಹಂಗ ನೋಡಬ್ಯಾಡ ಅಪ್ಪಾ. ಅವ್ವ ಬಂದ್ರ ಏನು ಹೇಳ್ಲಿ ನಾ?

…ಹೌದು.

ನಾನೇ. ರಾಜೇಶ್ರೀ ಅವತ್ತು ಕ್ಲಾಸಿನಾಗೇ ಇರಲಿಲ್ಲ. ದವಾಖಾನ್ಯಾಗ ಆಕಿ ನನ್ನ ಜೋಡಿ ಇದ್ಲು, ನಾ ಆಕಿ ಜೋಡಿ ಅಲ್ಲ. ನಿಮಗ ಹೇಳಬಾರ್ದು ಅಂತ ಮಾಡಿದ್ದೆ. ಅವ್ವಗ ಬಿಪಿ ಅದ, ಮತ್ತ ನೀನು… ನೀ ನನಗ ಮೊದಲ ಟೆಸ್ಟರ್ ಕೊಡಿಸಿದಾವ. ನಮ್ಮ ಬ್ರಹ್ಮಪುರದ ಓಣಿ ಮಂದಿ ಎಲ್ಲಾ, ಹುಡುಗಿಗೆ ಯಾಕ ಈ ಕರೆಂಟಿನ ಕೆಲಸ ಅಂದಾಗ ಏನೂ ಅನ್ನದೇ ನನ್ನನ್ನ ಸೈಕಲ್ ಮ್ಯಾಲ ಕುಂದರಿಸಿಕೊಂಡು ಅಡ್ಮಿಷನ್‌ಗೆ ಕರಕೊಂಡು ಹೋದಾವ. ನಿನಗ ಹ್ಯಾಂಗ ಹೇಳ್ಲಿ?

ಕೈ ತೋರಸ್ತೀನಿ ತಡಿ. ಅಂಗೈಯಾಗ ಸುಟ್ಟಿದ್ದು ಇಷ್ಟೇ, ಒಣಗ್ಯದ. ಏ, ಅಷ್ಟು ಬಿಗಿ ಹಿಡೀಬ್ಯಾಡ.

ಇನ್ನೊಂದು ಅದ. ಹೇಳೇ ಬಿಡ್ತೀನಿ, ಹೆಂಗೂ ಗೊತ್ತಾತು. ಅವತ್ತಿನಿಂದ ನಾ ಆ ಬೋರ್ಡಿಗೆ ಕೈ ಹಚ್ಚಿಲ್ಲ. ಎಲ್ಲಾ ಹೊಸಾ ತಂತಿ ಹಾಕ್ಯಾರ, ರಾಜೇಶ್ರೀ ಮೀಟರ್ ಹಿಡದು ನೋಡ್ಯಾಳ, ಎಲ್ಲಾ ಸರಿ ಅದ. ಆದ್ರೂ ಮುಂದ ಹೋದ್ರ ಕೈ ಮ್ಯಾಲ ಏಳಂಗಿಲ್ಲ. ಪುಸ್ತಕ ಓದಿಸಿ ಕ್ಲಾಸ್ ಮುಗಸ್ತೀನಿ. ಹುಡುಗೂರು ಒಬ್ಬರ ಮಾರಿ ಒಬ್ಬರು ನೋಡ್ತಾರ. ಆಸ್ಫಿಯಾನ ಬಾಳಿನ ಸಲುವಾಗಿ ಮಜರ್ ಕಾಕಾನ ಮನಿಗೆ ಹೋಗು ಅಂತ ನಿನಗ ಹೇಳಿದೆ. ಅದು ಅರ್ಧ. ಬಾಗಿಲ ಬಾಜೂಕ ಆ ಪೋರಿ ನಿಂತಿದ್ರ ನಾ ಕೈ ಹಚ್ಚತೀನಿ ಅಪ್ಪಾ. ಆಕಿಗೆ ನಾ ಬೇಕೋ ಬ್ಯಾಡೋ ಗೊತ್ತಿಲ್ಲ. ನನಗ ಆಕಿ ಬೇಕು.



ಎಲ್ಲಿಗೆ ಎದ್ದಿ? ಚಪ್ಪಲ್ ಯಾಕ? ಈಗೇ ಹೋಗೂದಾ… ಊಟ ಮಾಡಿ ಹೋದ್ರಾತು, ಅವ್ವ ರೊಟ್ಟಿ… ಆತು, ಆತು, ಬಂದೆ. ಕೈ ಬಿಟ್ರ ತಾನೇ ಚಪ್ಪಲ್ ಹಾಕ್ಕೋತೀನಿ.

ಅಲ್ಲಿ ನೀ ಏನೂ ಹೇಳೂದು ಬ್ಯಾಡ. ಮಜರ್ ಕಾಕಾಗ ನಾನೇ ಹೇಳ್ತೀನಿ, ಎಲ್ಲಾ ಹೇಳ್ತೀನಿ. ನೀ ಬಾಜೂಕ ಕೂಡು, ಸಾಕು.