ನರ್ಸಮ್ಮನವರನ್ನು ಇಳಿಸಿದ ಹನ್ನೆರಡನೇ ನಿಯಮ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಇವತ್ತು ನಾವು ಗೌರವಿಸುತ್ತಿರುವ ನರ್ಸಮ್ಮನವರೇ, ನಾನು ಮೈಕಿನ ಹತ್ತಿರ ಬಂದ ಕೂಡಲೇ ವಾಚು ನೋಡಿಕೊಂಡ ಸಭಿಕರೇ,

ಈ ಭಾಷಣವನ್ನು ಬರೆದುಕೊಂಡೇ ಬರಬೇಕು ಎಂದು ಸಂಘದವರು ನನಗೆ ಅಪ್ಪಣೆ ಮಾಡಿದರು. ಐದನೇ ತರಗತಿಗೆ ಸ್ಲೇಟು ಬಿಟ್ಟು ಕರಣೆ ಹಿಡಿದವನು ನಾನು. ಗೋಡೆ ಕಟ್ಟು ಎಂದರೆ ಈ ವಯಸ್ಸಿನಲ್ಲೂ ಕಟ್ಟುತ್ತೇನೆ, ಬರೆ ಎಂದರೆ ಬೆನ್ನು ಹಿಡಿದುಕೊಳ್ಳುತ್ತದೆ. ಹೋದ ವರ್ಷ ವಾರ್ಷಿಕ ಸಭೆಯಲ್ಲಿ ಕಾಗದವಿಲ್ಲದೆ ನಿಂತು ಮುಕ್ಕಾಲು ಗಂಟೆ ಚರಂಡಿಯ ಬಗ್ಗೆಯೇ ಮಾತಾಡಿದೆನಂತೆ, ಊಟ ಆರಿಹೋಯಿತಂತೆ. ಅದಕ್ಕೆ ಈ ಶಿಕ್ಷೆ. ಮೂರು ದಿನ ಕೂತು ಬರೆದಿದ್ದೇನೆ. ಸೊಸೆ ಓದಿ ನೋಡಿ ನಾಲ್ಕು ಮಾತು ಹೊಡೆದುಹಾಕಿದಳು. ನಾಲ್ಕೂ ನಮ್ಮ ಖಜಾಂಚಿಯವರ ಬಗ್ಗೆ. ಬೇಕಾದರೆ ಅವರು ಆಮೇಲೆ ಹೊರಗೆ ಸಿಗಲಿ, ಹೇಳುತ್ತೇನೆ.

ನಮ್ಮ ಬಡಾವಣೆಯ ಮನೆ ಮಾಲೀಕರ ಸಂಘಕ್ಕೆ ಒಂಬತ್ತು ವರ್ಷ ಕಾರ್ಯದರ್ಶಿಯಾಗಿದ್ದ ನರ್ಸಮ್ಮನವರನ್ನು ಇವತ್ತು ಬೀಳ್ಕೊಡುತ್ತಿದ್ದೇವೆ. ಆಹ್ವಾನ ಪತ್ರಿಕೆಯಲ್ಲಿ ನನಗಿಂತ ಮೊದಲು ಐದು ಜನರ ಹೆಸರಿದೆ. ಅವರೆಲ್ಲ ನಿಸ್ವಾರ್ಥ ಸೇವೆ ಎಂದಿರುತ್ತಾರೆ, ತುಂಬಲಾರದ ಸ್ಥಾನ ಎಂದಿರುತ್ತಾರೆ. ಯಾಕೆ ಬೀಳ್ಕೊಡುತ್ತಿದ್ದೇವೆ ಎಂದು ಒಬ್ಬರೂ ಹೇಳಿರುವುದಿಲ್ಲ. ಅವರಿಗೆ ವಯಸ್ಸಾಯಿತೇ? ನನಗಿಂತ ಹದಿನಾಲ್ಕು ವರ್ಷ ಚಿಕ್ಕವರು. ಕಾಯಿಲೆಯೇ? ಆಸ್ಪತ್ರೆಯಲ್ಲಿ ನರ್ಸಾಗಿ ನಮ್ಮ ಕಾಯಿಲೆಗಳನ್ನೆಲ್ಲ ಅವರೇ ನೋಡುವುದು. ಊರು ಬಿಡುತ್ತಿದ್ದಾರೆಯೇ? ನಾಳೆ ಬೆಳಿಗ್ಗೆಯೂ ಅದೇ ಮನೆಯ ಅದೇ ಗೇಟು ತೆಗೆದು ಹಾಲಿನ ಪ್ಯಾಕೆಟ್ಟು ಒಳಗೆ ತೆಗೆದುಕೊಂಡು ಹೋಗುತ್ತಾರೆ.

ಕಾರಣ ಬೇರೆ. ನಮ್ಮ ಸಂಘದ ಹನ್ನೆರಡನೇ ನಿಯಮ. ಮನೆ ಪತ್ರದಲ್ಲಿ ಯಾರ ಹೆಸರಿದೆಯೋ ಅವರು ಮಾತ್ರ ಸಮಿತಿಯಲ್ಲಿ ಕೂರಬೇಕು ಎನ್ನುತ್ತದೆ ಅದು. ಆಸರೆಯಿಲ್ಲದ ತಂಗಿಯೊಬ್ಬಳು ಜೊತೆಯಲ್ಲಿದ್ದಾಳೆ, ತನ್ನ ನಂತರ ಅವಳನ್ನು ಯಾರೂ ಎಬ್ಬಿಸಬಾರದು ಎಂದು ನರ್ಸಮ್ಮ ಕಳೆದ ತಿಂಗಳು ಮನೆಯನ್ನು ಅವಳ ಹೆಸರಿಗೆ ಮಾಡಿಸಿದರು. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವರೇ ಸಮಿತಿಯಲ್ಲಿ ಎದ್ದು ನಿಂತು, "ನಾನೀಗ ಮಾಲೀಕಳಲ್ಲ, ನನ್ನ ಹೆಸರು ತೆಗೆದುಬಿಡಿ" ಎಂದರು. ತೆಗೆದೆವು. ಈಗ ಗೋಡೆ ಗಡಿಯಾರ ಕೊಡುತ್ತಿದ್ದೇವೆ.

ಈ ಹೆಂಗಸು ಹೇಗೆ ಕೆಲಸ ಮಾಡಿದರು ಎಂದು ಹೊಸದಾಗಿ ಬಂದವರು ತಿಳಿದುಕೊಳ್ಳಬೇಕು. ಮೊದಲೆಲ್ಲ ಕಚೇರಿಯಲ್ಲಿ ಒಂದು ದೂರು ಪುಸ್ತಕ ಇತ್ತು. ಅದರಲ್ಲಿ ಬರೆದವರೇ ಬರೆಯುತ್ತಿದ್ದರು, ಓದುವವರು ಯಾರೂ ಇರಲಿಲ್ಲ. ನರ್ಸಮ್ಮ ಬಂದವರೇ ಅದನ್ನು ಬೀರುವಿಗೆ ಹಾಕಿ ಬೀಗ ಜಡಿದರು. ದೂರು ಇದ್ದರೆ ಅದು ಇರುವ ಜಾಗದಲ್ಲಿ ನಿಂತು ಹೇಳಬೇಕು, ಅದು ಕಾಡುವ ಹೊತ್ತಿಗೇ ಹೇಳಬೇಕು. ಫೋನಿನಲ್ಲಿ ಕೇಳುವುದಿಲ್ಲ ಎಂದರು.

ನಮ್ಮ ಡ್ರಾಯಿಂಗ್ ಮೇಷ್ಟ್ರು ಪಕ್ಕದ ಮನೆ ನಾಯಿ ಬೆಳಗಿನ ಐದು ಗಂಟೆಗೆ ಬೊಗಳುತ್ತದೆ ಎಂದು ದೂರು ತಂದರು. ಐದಕ್ಕೆ ಹತ್ತು ನಿಮಿಷ ಇರುವಾಗ ನರ್ಸಮ್ಮ ಫ್ಲಾಸ್ಕು ಹಿಡಿದುಕೊಂಡು ಅವರ ಅಂಗಳದಲ್ಲಿ ಹಾಜರು. ಮೇಷ್ಟ್ರು ಎಂದಿನಂತೆ ಹೊರಗೆ ಬಂದು ಗಂಟಲಿಗೆ ನೀರು ಹಾಕಿಕೊಂಡು ಬೀದಿಗೆಲ್ಲ ಕೇಳುವ ಹಾಗೆ ಗಳಗಳ ಎನ್ನಿಸಿದರು. ನಾಯಿ ಶುರು ಮಾಡಿತು.

"ಸಾರ್, ಅದು ಬೊಗಳ್ತಾ ಇಲ್ಲ. ನಿಮಗೆ ಉತ್ತರ ಕೊಡ್ತಾ ಇದೆ" ಎಂದರು ನರ್ಸಮ್ಮ.

ಆವತ್ತಿನಿಂದ ಮೇಷ್ಟ್ರು ಬಚ್ಚಲಿನ ಬಾಗಿಲು ಹಾಕಿಕೊಂಡು ಬಾಯಿ ತೊಳೆಯುತ್ತಾರೆ. ಮುಂದಿನ ಸಾಲಿನಲ್ಲೇ ಇರುತ್ತಾರೆ, ಬೇಜಾರು ಮಾಡಿಕೊಳ್ಳಬಾರದು.

ಕಾರು ನಿಲ್ಲಿಸುವುದಕ್ಕೂ ಅವರೇ ದಾರಿ ಹುಡುಕಿದರು. ಬೆಸ ತಾರೀಕು ಎಡಗಡೆ, ಸರಿ ತಾರೀಕು ಬಲಗಡೆ. ಎಷ್ಟು ಜನ ಬೈದರು. ನಾನೂ ಬೈದೆ, "ಇದೇನು ಆಸ್ಪತ್ರೆ ವಾರ್ಡಾ, ಮಂಚ ಎಳೆದ ಹಾಗೆ ಕಾರು ಎಳೆಯೋಕೆ?" ಎಂದೆ. ಅದಾಗಿ ಎರಡು ತಿಂಗಳಿಗೆ ನನ್ನ ಹೆಂಡತಿಗೆ ಎದೆನೋವು ಬಂತು. ಆಂಬ್ಯುಲೆನ್ಸ್ ಎಲ್ಲೂ ನಿಲ್ಲದೆ ನಮ್ಮ ಬಾಗಿಲಿಗೇ ಬಂತು. ಆಮೇಲೆ ಅವಳು ಇನ್ನೂ ನಾಲ್ಕು ವರ್ಷ ಇದ್ದಳು. ದಿನಾ ನನ್ನನ್ನು ಬೈಯುತ್ತಿದ್ದಳು. ಆ ನಾಲ್ಕು ವರ್ಷದ ಬೈಗುಳವನ್ನು ನರ್ಸಮ್ಮನವರೇ ನನಗೆ ಕೊಟ್ಟದ್ದು. ಸೊಸೆಗೆ ತೋರಿಸಿದ ಕಾಗದದಲ್ಲಿ ಈ ಮಾತು ಇರಲಿಲ್ಲ, ಆಮೇಲೆ ಸೇರಿಸಿದ್ದು.

ಇನ್ನೂ ಒಂದನ್ನು ಸೇರಿಸಿದ್ದೇನೆ.

ಒಂಬತ್ತು ವರ್ಷದ ಕೆಳಗೆ ನನ್ನ ಗೇಟಿನ ಮುಂದೆ ನೀರು ನಿಲ್ಲುತ್ತಿತ್ತು. ಕಾಂಕ್ರೀಟು ಹಾಕಿ ಅರ್ಧ ಅಡಿ ಎತ್ತರಿಸಿದೆ. ನಲವತ್ತು ವರ್ಷ ರಸಮಟ್ಟ ಇಟ್ಟು ನೆಲ ಸಮ ಮಾಡಿದವನು ನಾನು. ಆ ನೀರು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎದುರಿನ ತಗ್ಗು ಮನೆಗೆ ಹೋಗುತ್ತದೆ. ಅಲ್ಲಿ ಬಾಡಿಗೆಗೆ ಒಬ್ಬ ಟೈಲರ್ ಇದ್ದ.

ಮೊದಲ ಮಳೆಗೇ ಬಂದ. "ಮೇಸ್ತ್ರಿಗಳೇ, ನಿಮ್ಮನೆ ನೀರು ನನ್ನ ಮೆಷಿನ್ ಕಾಲು ತೊಳೀತಾ ಇದೆ" ಎಂದ.

"ತೊಳೆದರೆ ಒಳ್ಳೇದೇ ಅಲ್ವೇನಯ್ಯಾ" ಎಂದೆ.

ಅವನು ಜಗಳವಾಡಲಿಲ್ಲ. ಸಮಿತಿಗೆ ನಿಲ್ಲುತ್ತೇನೆ ಎಂದು ಹೆಸರು ಕೊಟ್ಟ. ನನಗೆ ಮೈಯೆಲ್ಲ ಉರಿಯಿತು. ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು, "ಇವತ್ತು ಇದ್ದು ನಾಳೆ ಗಂಟುಮೂಟೆ ಕಟ್ಟೋರ ಕೈಗೆ ನಮ್ಮ ಬೀದಿ ಕೊಡ್ತೀರಾ?" ಎಂದು ಕೇಳಿದೆ. ಎಲ್ಲರೂ ಚಪ್ಪಾಳೆ ಹೊಡೆದರು. ಕೈ ಎತ್ತಿ ಎಂದೆ, ಎತ್ತಿದರು. ಸಭಿಕರೇ, ಹನ್ನೆರಡನೇ ನಿಯಮ ಹುಟ್ಟಿದ್ದು ಹಾಗೆ. ನಿಯಮದ ಪುಸ್ತಕ ತೆಗೆದು ನೋಡಿ, ಸೂಚಿಸಿದವರು ಎಂಬ ಕಡೆ ನನ್ನ ರುಜು ಇದೆ.

ಅದೇ ಸಭೆಯಲ್ಲಿ ನರ್ಸಮ್ಮ ಕಾರ್ಯದರ್ಶಿಯಾದರು. ಟೈಲರ್ ದೂರನ್ನು ಬಾಡಿಗೆಯವನದು ಎಂದು ಪಕ್ಕಕ್ಕೆ ಇಡಬಹುದಿತ್ತು. ಮಾರನೇ ದಿನವೇ ಅವನನ್ನೂ ಎರಡು ಬಕೆಟ್ಟು ನೀರನ್ನೂ ಕರೆದುಕೊಂಡು ನನ್ನ ಗೇಟಿಗೆ ಬಂದರು.

"ಮೇಸ್ತ್ರಿಗಳೇ, ಸುರೀರಿ."

"ನಾನ್ಯಾಕೆ ಸುರೀಲಿ?"

"ನಿಮ್ಮ ಕೈ ಕೆಲಸ. ನೀವೇ ತೋರಿಸಿ, ನಾವು ನೋಡ್ತೀವಿ."

ಸುರಿದೆ. ನೀರು ಆ ಕಡೆ ಈ ಕಡೆ ನೋಡದೆ ನೆಟ್ಟಗೆ ಹೋಗಿ ಟೈಲರ್ ಹೊಸ್ತಿಲು ದಾಟಿತು. ನಾನು ಸಿಟ್ಟಿನಲ್ಲಿ ಎರಡನೇ ಬಕೆಟ್ಟಿಗೂ ಕೈ ಹಾಕಿ, "ಇದನ್ನೂ ಸುರೀಲಾ?" ಎಂದೆ.

"ಬೇಡ. ಅದು ಅವರ ನೆಲ ತೊಳೆಯೋಕೆ ತಂದಿದ್ದು" ಎಂದರು ನರ್ಸಮ್ಮ.

ತೊಳೆದೆ. ಮಂಡಿಯೂರಿ ಕೂತು ತೊಳೆದೆ. ಮಾರನೇ ದಿನ ಬೆಳಿಗ್ಗೆ ಸುತ್ತಿಗೆ ತೆಗೆದುಕೊಂಡು ನಾನೇ ಆ ಕಾಂಕ್ರೀಟು ಒಡೆದೆ. ಕಾಂಕ್ರೀಟು ಒಡೆದೆನೇ ಹೊರತು ನಿಯಮಕ್ಕೆ ಸುತ್ತಿಗೆ ಹಾಕಲಿಲ್ಲ. ಅದು ಪುಸ್ತಕದಲ್ಲಿ ಹಾಗೇ ಕೂತಿತು. ನಾನು ತಪ್ಪು ಮಾಡಿದೆ ಎಂದು ಬೀದಿಗೆ ಹೇಳಿದ ಹಾಗಾಗುತ್ತದಲ್ಲ, ಅದಕ್ಕೇ ಬಿಟ್ಟೆ. ನಾಳೆ ಗಂಟುಮೂಟೆ ಕಟ್ಟುವವನು ಎಂದೆನಲ್ಲ, ಆ ಟೈಲರ್ ಇನ್ನೂ ಅದೇ ಮನೆಯಲ್ಲಿದ್ದಾನೆ. ಅವತ್ತು ಕೈ ಎತ್ತಿದ ಮಾಲೀಕರಲ್ಲಿ ಹನ್ನೊಂದು ಜನ ಮನೆ ಮಾರಿಕೊಂಡು ಹೋಗಿ ಆಯಿತು. ಈ ಸಭಾಂಗಣದ ಪರದೆಗಳನ್ನು ಹೊಲಿದು ಕೊಟ್ಟವನು ಅವನೇ. ಒಂದು ದಿನವೂ ಸಮಿತಿಯಲ್ಲಿ ಕೂರಲು ನಾವು ಬಿಡಲಿಲ್ಲ.

ಕಳೆದ ತಿಂಗಳು ನರ್ಸಮ್ಮ ಹೆಸರು ತೆಗೆಯಿರಿ ಎಂದಾಗ ಖಜಾಂಚಿಯವರು, "ಯಾರಿಗೂ ಗೊತ್ತಿಲ್ವಲ್ಲ ಮೇಡಂ, ಸುಮ್ಮನಿದ್ದುಬಿಡಿ" ಎಂದರು. ನರ್ಸಮ್ಮ ನನ್ನ ಕಡೆ ತಿರುಗಿ, "ಟೈಲರಿಗೆ ಒಂದು ನಿಯಮ, ನನಗೆ ಒಂದು ಆಗುತ್ತಾ ಮೇಸ್ತ್ರಿಗಳೇ?" ಎಂದು ಕೇಳಿದರು. ಕೊಂಕು ಮಾತಲ್ಲ, ನಿಜವಾಗಿ ಕೇಳಿದರು. ಬಾಯಿ ಜೋರು ಎಂದು ಹೆಸರು ತೆಗೆದುಕೊಂಡವನಿಗೆ ಅವತ್ತು ಒಂದು ಮಾತು ಹೊರಡಲಿಲ್ಲ.

ಇವತ್ತು ಹೇಳುತ್ತಿದ್ದೇನೆ. ನಿಯಮ ತಪ್ಪು. ಬರೆಸಿದವನು ನಾನು, ತೆಗೆಸುವವನೂ ನಾನೇ. ಬಡಾವಣೆಯಲ್ಲಿ ವಾಸವಿರುವವರು ಯಾರಾದರೂ ಸಮಿತಿಗೆ ನಿಲ್ಲಬಹುದು ಎಂದು ಬದಲಿಸಬೇಕು. ಮೊದಲ ಹೆಸರು ಟೈಲರದ್ದು, ಸೂಚಿಸುವವನು ನಾನು. ಒಂದು ತಿಂಗಳಿಂದ ಕಾರ್ಯದರ್ಶಿ ಕುರ್ಚಿ ಖಾಲಿ ಇದೆ, ಕೂರುತ್ತೀರಾ ಎಂದು ಕೇಳಿದವರಿಗೆಲ್ಲ ಅವತ್ತೇ ಮಂಡಿ ನೋವು ಬಂದಿದೆ. ದೊಡ್ಡ ಚರಂಡಿ ಅರ್ಧಕ್ಕೆ ನಿಂತಿದೆ, ಮಳೆ ನಮ್ಮ ಸಮಿತಿಯನ್ನು ಕೇಳಿಕೊಂಡು ಬರುವುದಿಲ್ಲ.

ಅಧ್ಯಕ್ಷರೇ, ಸಭೆ ಕರೆಯುತ್ತೀರೋ ಇಲ್ಲವೋ, ಬರೆದು ಕೊಡಿ. ನಾನು ಬರೆಯಲಿಲ್ಲವೇ? ನೋಡೋಣ ಎನ್ನುವುದು ಉತ್ತರವಲ್ಲ. ನರ್ಸಮ್ಮನವರೇ, ನಿಯಮ ಹೋದರೆ ನೀವು ಆ ಕುರ್ಚಿಗೆ ವಾಪಸ್ಸು ಬರುತ್ತೀರೋ ಇಲ್ಲವೋ, ನೀವೂ ಹೇಳಬೇಕು. ಕೇಳುವ ಯೋಗ್ಯತೆ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ವಂದನೆಗಳು. ಎರಡು ಉತ್ತರವೂ ಇಪ್ಪತ್ತನೇ ತಾರೀಕು ಸಂಜೆ ಐದರೊಳಗೆ ನನ್ನ ಕೈಗೆ ಬರಬೇಕು. ನಮಸ್ಕಾರ.