ಕೇಕಿನೊಳಗಿನ ಮಾತ್ರೆ

ಬೇರೆಯವರ ಮನೆ ಮಾತನ್ನು ಕದ್ದು ಕೇಳಿ ಬರೆಯುತ್ತಿದ್ದೇನೆ, ಕ್ಷಮಿಸಬೇಕು. ಪಶುವೈದ್ಯರ ಕ್ಲಿನಿಕ್ಕಿನ ಬೆಂಚಿನಲ್ಲಿ ನನ್ನ ಪಕ್ಕ ಅಣ್ಣ ತಂಗಿ ಕೂತಿದ್ದರು. ತಂಗಿಯ ಮಡಿಲಲ್ಲಿ ಮೂತಿ ನರೆತ ನಾಯಿ ಏದುಸಿರು ಬಿಡುತ್ತಿತ್ತು.

“ಇವನ ಹುಟ್ಟುಹಬ್ಬದ ದಿನವೇ ಹೀಗಾಗ್ಬೇಕಾ, ಅಣ್ಣಾ?”

“ಕೇಕ್ ಜಾಸ್ತಿ ಆಗಿರುತ್ತೆ ಬಿಡು. ನಮ್ಮ ಮುದುಕಪ್ಪ ಹೊಟ್ಟೆಬಾಕ.”

“ಒಂದೇ ತುಂಡು ಕೊಟ್ಟಿದ್ದು, ಹಾರ್ಟಿನ ಮಾತ್ರೆ ಒಳಗಿಟ್ಟು.”

“ಮಾತ್ರೆನಾ? ಯಾವಾಗ?”

“ಕ್ಯಾಂಡಲ್ ಆರಿಸಿದ ಮೇಲೆ.”

“ಅಯ್ಯೋ, ಅದಕ್ಕೆ ಮೊದಲೇ ನಾನು ಕೊಟ್ಟಿದ್ದೆ ಕಣೇ! ನಿಂಗೆ ಹೇಳಿದ್ನಲ್ಲ?”

“ಎಲ್ಲಿ ಹೇಳ್ದೆ? ನೀನು ಟೋಪಿ ಹಾಕ್ಕೊಂಡು ಕುಣೀತಿದ್ದೆ.”

“ದಿನಾ ಅಮ್ಮನೇ ಕೊಡೋದು. ಇವತ್ತೊಂದಿನ ನನ್ನ ಕೈಯಿಂದ ತಿನ್ಲಿ ಅಂತ ಆಸೆ ಆಯ್ತು.”

“ನಂಗೂ ಅದೇ ಆಸೆ. ದಿನಕ್ಕೆ ಒಂದರ ಮೇಲೆ ಕೊಟ್ರೆ ಜೀವಕ್ಕೇ ಅಪಾಯ ಅಂದಿದ್ರಲ್ಲೋ ಡಾಕ್ಟ್ರು!”

ಅಣ್ಣ ನಾಯಿಯ ಎದೆಯ ಮೇಲೆ ಕೈಯಿಟ್ಟು ಬಡಿತ ನೋಡಿದ. ತಂಗಿಯೇ ಮತ್ತೆ ಕೇಳಿದಳು.

“ಅಣ್ಣಾ, ಬೆಳಿಗ್ಗೆ ಅಮ್ಮ ಕೊಡದೇ ಬಿಟ್ಟಿರ್ತಾಳಾ?”

“ಫೋನ್ ಮಾಡು.”

“ನೀನೇ ಮಾಡೋ. ನನ್ನ ಮಡಿಲಲ್ಲಿ ಇವನಿದ್ದಾನೆ.”

ಅಷ್ಟರಲ್ಲಿ ನರ್ಸ್ ಕರೆದರು. ತಂಗಿ ನಾಯಿಯನ್ನು ಎತ್ತಿಕೊಂಡಳು.

“ಎರಡಾ, ಮೂರಾ? ಎಷ್ಟು ಕೊಟ್ವಿ ಅಂತ ಹೇಳೋದೋ?”

“ತಾಳು, ರಿಂಗ್ ಆಗ್ತಿದೆ.”

ಅವರ ಹಿಂದೆ ಬಾಗಿಲು ಮುಚ್ಚಿಕೊಂಡಿತು. ಅಮ್ಮ ಫೋನೆತ್ತಿ ಏನೆಂದಳೋ, ನನಗೆ ಗೊತ್ತಿಲ್ಲ.