ಬೆನ್ನುನೋವಿನವರ ಸಾಲು

ಈ ಸಲ ಮತಗಟ್ಟೆಯ ಕೆಲಸಕ್ಕೆ ಊರಿನವರನ್ನೇ ಚೀಟಿ ಎತ್ತಿ ಆರಿಸಿದ್ದಾರೆ; ನನ್ನ ಹೆಸರೂ ಬಂದಿದೆ. ಮತ ಹಾಕಲು ಬಂದವರ ಹೆಸರನ್ನು ಎಲ್ಲರಿಗೂ ಕೇಳುವಂತೆ ಓದಬೇಕಂತೆ. ನನ್ನ ದನಿ ನನಗೇ ಕೇಳುವುದು ಅಪರೂಪ. ಜ್ವರದ ನೆಪ ಹೇಳಿ ತಪ್ಪಿಸಿಕೊಳ್ಳೋಣವೆಂದು ಇವತ್ತು ಚುನಾವಣಾ ಕಚೇರಿಯ ಸಾಲಿನಲ್ಲಿ ನಿಂತೆ. ನನ್ನ ಮುಂದೆ ಒಬ್ಬ ದರ್ಜಿ, ಪಕ್ಕದಲ್ಲಿ ಅವನ ಹೆಂಡತಿ.

“ಊರಲ್ಲಿ ಇಷ್ಟು ಜನ ಇರೋವಾಗ ಚೀಟೀಲಿ ನಿಮ್ಮ ಹೆಸರೇ ಬರಬೇಕಿತ್ತಾ?” ಎಂದು ಅವಳು ಗಂಡನನ್ನು ಕೇಳಿದಳು.

“ಹುಟ್ಟಿದಾಗಿಂದ ಲಾಟರೀಲಿ ಒಂದು ಬಕೆಟ್ಟೂ ಬಂದಿಲ್ಲ ನಂಗೆ. ಇದಾದ್ರೂ ಬಂತಲ್ಲ.”

“ಬೆನ್ನುನೋವು ಅಂತ ಹೇಳಿ. ಸ್ವಲ್ಪ ನರಳಿ.”

“ಓಟಿನ ದಿನ ನಿಮ್ಮಮ್ಮನೂ ನನ್ನ ಮುಂದೆ ಸಾಲಲ್ಲಿ ನಿಲ್ಲಬೇಕು ಕಣೇ. ನಾನು ಬೆರಳಿಗೆ ಶಾಯಿ ಹಚ್ಚೋತನಕ ಬಾಯಿ ಮುಚ್ಚಿಕೊಂಡಿರಬೇಕು.”

“ಓಹೋ, ಅದಕ್ಕಾ ಬೆಳಗಿಂದ ಮೀಸೆ ತಿರುವ್ತಿರೋದು? ನರಳಿ ಅಂದೆ.”

“ಅಯ್ಯಮ್ಮಾ.”

“ಅದು ಹಲ್ಲುನೋವು. ಇನ್ನೂ ಕೆಳಗಿಂದ ಬರಲಿ.”

ಅವರ ಸರದಿ ಬಂತು. ಅಧಿಕಾರಿ ಮೇಡಂ ಕಾರಣ ಕೇಳುತ್ತಿದ್ದಂತೆ ಅವರ ಪೆನ್ನು ಮೇಜಿನಿಂದ ಉರುಳಿ ಬಿತ್ತು. ದರ್ಜಿ ಸೊಂಟ ಬಗ್ಗಿಸಿ, ಮೇಜಿನಡಿ ನುಸುಳಿ, ಎತ್ತಿಕೊಟ್ಟ.

“ಬೆನ್ನುನೋವು,” ಎಂದಳು ಹೆಂಡತಿ, ತಡವಾಗಿ.

“ಇತ್ತು ಮೇಡಂ. ಈಗ ತಾನೇ ಹೋಯ್ತು,” ಎಂದ ದರ್ಜಿ.

“ಹಾಗಾದ್ರೆ ಕೆಲಸಕ್ಕೆ ಬನ್ನಿ,” ಎಂದರು ಅಧಿಕಾರಿ.

“ಮನೆಗೆ ನಡೀರಿ, ಮತ್ತೆ ಬರಿಸ್ತೀನಿ,” ಎಂದ ಹೆಂಡತಿ ನಗು ತಡೆಯಲಾಗದೆ ಬಾಗಿಲ ಕಡೆ ಹೊರಟಳು.

“ನಿನ್ನ ಕಾರಣ ಏನಮ್ಮ?” ಅಧಿಕಾರಿ ನನ್ನತ್ತ ತಿರುಗಿದರು.

ಜ್ವರವೆನ್ನಲು ನಾಲಿಗೆ ಏಳಲಿಲ್ಲ. ಏನೋ ಗೊಣಗಿದೆ.

“ಕೇಳಿಸ್ಲಿಲ್ಲ.”

“ಗಟ್ಟಿಯಾಗಿ ಮಾತಾಡೋಕೆ ನಂಗೆ ಭಯ,” ಎಂದೆ. ಬಾಗಿಲು ದಾಟಿದ್ದ ದರ್ಜಿಯೂ ತಿರುಗಿ ನೋಡಿದ.